ಅಂಗಳಕ್ಕೆ ಮರಳಿದ ಅಕ್ಕಿ

ಕೆಲವು ವರ್ಷಗಳ ಹಿಂದೆ ಸಿಂಧನೂರಿನಲ್ಲಿ ಬಸವ ಜಯಂತಿಯ ಒಂದು ಸಭೆಗೆ ಹೋಗಿದ್ದೆ. ವೇದಿಕೆಯ ಮೇಲೆ ಮಾತಾಡಿದವರಲ್ಲಿ ಒಬ್ಬರು ದೊಡ್ಡ ಹಿಡುವಳಿದಾರರು. ಅವರು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು, ಚೆನ್ನಾಗಿಯೇ ಹೇಳಿದರು. ಕೊನೆಗೆ ಹೀಗಂದರು: "ನೋಡ್ರಿ, ಅಂಥಾ ಬಡತನದಾಗೂ ಆಕಿ ಹೆಚ್ಚಿನ ಅಕ್ಕಿ ಬ್ಯಾಡಂದ್ಲು. ಇವತ್ತು ಏನಾಗ್ಯಾದ? ರೇಶನ್ ಅಕ್ಕಿ ಮನಿಗೆ ಬಂದು ಬೀಳ್ತದ, ನಾಟಿಗೆ ಒಂದು ಆಳು ಸಿಗವಲ್ದು." ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಮನೆಗೆ ಬರುವ ಬಸ್ಸಿನಲ್ಲಿ ಕೂತ ಮೇಲೆ ಆ ಚಪ್ಪಾಳೆ ಅಂಗೈಗೆ ಚುಚ್ಚತೊಡಗಿತು. ಯಾಕೆಂದರೆ ನನ್ನನ್ನು ಸಾಕಿದ ಸಣ್ಣವ್ವ ಹಕ್ಕಲು ಆರಿಸಿದವಳು. ಭತ್ತದ ಕೊಯ್ಲು ಮುಗಿದ ಮೇಲೆ ಮಸ್ಕಿ ಕಡೆಯಿಂದ ಸಿಂಧನೂರಿನ ಕ್ಯಾಂಪುಗಳ ಗದ್ದೆಗಳಿಗೆ ಹೋಗಿ, ಸಿವುಡು ಕಟ್ಟಿ ಸಾಗಿಸಿದ ನೆಲದಲ್ಲಿ ಉಳಿದ ತೆನೆಗಳನ್ನು ಸೆರಗಿಗೆ ಹಾಕಿಕೊಂಡು ಬರುತ್ತಿದ್ದಳು. ಗದ್ದೆಯ ಒಡೆಯರು ಕೆಲವರು ಸುಮ್ಮನಿರುತ್ತಿದ್ದರು, ಕೆಲವರು ಓಡಿಸುತ್ತಿದ್ದರು. ಲಕ್ಕಮ್ಮ ಅವಳ ಕಸುಬಿನವಳು. ಆ ಲಕ್ಕಮ್ಮನನ್ನು ಎತ್ತಿಕೊಂಡು ಅವಳಂಥವರ ಮೇಲೆಯೇ ಎಸೆಯುವುದನ್ನು ನಾನು ಚಪ್ಪಾಳೆ ತಟ್ಟಿ ಒಪ್ಪಿಕೊಂಡು ಬಂದಿದ್ದೆ. ಅವತ್ತಿನಿಂದ ಲಕ್ಕಮ್ಮನ ವಚನಗಳನ್ನು ಮತ್ತೆ ಓದುತ್ತಿದ್ದೇನೆ. ಈ ಬರಹ ಆ ಓದಿನ ಫಲ.

ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಮ್ಮ ಲಿಂಗಸುಗೂರು ತಾಲ್ಲೂಕಿನವರು, ಗುರುಗುಂಟಾ ಬಳಿಯ ಅಮರೇಶ್ವರದವರು. ಲಕ್ಕಮ್ಮನ ಅಂಕಿತದಲ್ಲಿ ಗಂಡನ ಹೆಸರೂ ಇದೆ, ಆ ಊರಿನ ದೇವರೂ ಇದೆ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಹನ್ನೆರಡನೆಯ ಶತಮಾನದಲ್ಲಿ ಇಬ್ಬರೂ ಕಲ್ಯಾಣಕ್ಕೆ ಹೋದರು. ಇಂದು ಇದೇ ನೆಲದಿಂದ ಬೆಂಗಳೂರಿಗೂ ಪುಣೆಗೂ ಗುಳೆ ಹೋಗುವವರನ್ನು ನೋಡಿದವನಿಗೆ ಆ ಪ್ರಯಾಣ ಬರೀ ಭಕ್ತಿಯ ಪ್ರಯಾಣವಾಗಿ ಕಾಣುವುದು ಕಷ್ಟ. ಕಲ್ಯಾಣದಲ್ಲಿ ಮಾರಯ್ಯನ ಕಾಯಕ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದ ಎಂದು ನಮ್ಮ ಕಡೆ ಹೇಳುತ್ತಾರೆ. ಲಕ್ಕಮ್ಮ ನೋಡಿದಳು, ಬೇಡವೆಂದಳು, ತಿರುಗಿ ಕಳಿಸಿದಳು.

ಶಾಲೆಯಲ್ಲಿ ಈ ಕಥೆಗೆ ನಮ್ಮ ಮೇಷ್ಟ್ರು ಕೊಟ್ಟ ತಾತ್ಪರ್ಯ ಎರಡು ಪದ: ಅತಿಯಾಸೆ ಬೇಡ. ವೇದಿಕೆಯ ಮೇಲಿನವರು ಹೇಳಿದ್ದೂ ಅದನ್ನೇ. ಈ ತಾತ್ಪರ್ಯದಲ್ಲಿ ತಪ್ಪಿತಸ್ಥ ಒಬ್ಬನೇ, ಮಾರಯ್ಯ. ಕಥೆಯನ್ನು ಹೀಗೆ ಹೇಳಿದರೆ ಅಕ್ಕಿ ಚೆಲ್ಲಿದ ಕೈ ಕಾಣುವುದೇ ಇಲ್ಲ.

ಲಕ್ಕಮ್ಮನಿಗೆ ಮಾತ್ರ ಆ ಕೈ ಕಂಡಿತ್ತು. ಹೆಚ್ಚಿನ ಅಕ್ಕಿ ತಂದ ಗಂಡನನ್ನು ಆಕೆ ಎದುರುಗೊಳ್ಳುವ ವಚನವನ್ನು ನಿಧಾನವಾಗಿ ಓದಿ. ಒಂದು ಮನಸ್ಸನ್ನು ಮೀರಿ ಎರಡು ಮನಸ್ಸಿನಲ್ಲಿ ತಂದಿದ್ದೀರಿ ಎನ್ನುತ್ತಾಳೆ. ಅದು ಗಂಡನಿಗೆ ಬಿದ್ದ ಮಾತು. ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ: ಇದು ನಿಮ್ಮ ಮನಸ್ಸೋ ಅಥವಾ ಬಸವಣ್ಣನ ಅನುಮಾನದ ಚಿತ್ತವೋ? ಈ ಎರಡನೆಯ ಅರ್ಧವನ್ನು ನಾವು ಓದುವಾಗ ಹಾಗೇ ದಾಟಿ ಹೋಗುತ್ತೇವೆ, ಬಸ್ಸಿನ ಕಿಟಕಿಯಲ್ಲಿ ಮೈಲಿಗಲ್ಲು ದಾಟಿದಂತೆ. ಅಲ್ಲಿ ಆಕೆ ಹೆಸರು ಹಿಡಿದು ಕೇಳುತ್ತಿರುವುದು ಬಸವಣ್ಣನನ್ನು. ಯಾವ ಬಸವಣ್ಣ? ಶರಣರಿಗೆಲ್ಲ ಅಣ್ಣ, ಕಲ್ಯಾಣದ ಅರಸು ಬಿಜ್ಜಳನ ಭಂಡಾರಿ. ಅಂಗಳದಲ್ಲಿ ಅಕ್ಕಿ ಆರಿಸಿ ಬದುಕುವ ಹೆಂಗಸೊಬ್ಬಳು ರಾಜ್ಯದ ಭಂಡಾರ ನೋಡಿಕೊಳ್ಳುವವನ ಬಗ್ಗೆ, ಆತ ನಮ್ಮನ್ನು ಅನುಮಾನಿಸುತ್ತಿದ್ದಾನೆಯೇ, ಪರೀಕ್ಷಿಸುತ್ತಿದ್ದಾನೆಯೇ ಎಂದು ಕೇಳುತ್ತಾಳೆ. ಕೊನೆಗೆ ಕೊಡುವ ಆದೇಶ: ಅಲ್ಲಿಯೇ ಸುರಿದು ಬನ್ನಿ.

ಬಿದ್ದ ಅಕ್ಕಿ ಬೇರೆ, ಬೀಳಿಸಿದ ಅಕ್ಕಿ ಬೇರೆ. ನನ್ನ ಓದಿನಲ್ಲಿ ಲಕ್ಕಮ್ಮನ ತಕರಾರೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ. ಅಳೆಯುವಾಗ, ಸಾಗಿಸುವಾಗ, ಉಣಬಡಿಸುವಾಗ ತಾನಾಗಿ ಚೆಲ್ಲಿದ ಅಕ್ಕಿಗೆ ಯಾರ ಋಣವೂ ಇಲ್ಲ. ಅದನ್ನು ಬಗ್ಗಿ ಆರಿಸಿದ ಶ್ರಮವೇ ಅದರ ಬೆಲೆ. ಯಾರೋ ನೋಡಿ, ಯೋಚಿಸಿ, ಚೆಲ್ಲಿದ ಅಕ್ಕಿ ಹಾಗಲ್ಲ. ಅದು ಆರಿಸುವವನನ್ನು ಅವನಿಗೆ ಗೊತ್ತಿಲ್ಲದೆ ಕೈಚಾಚಿದವನನ್ನಾಗಿ ಮಾಡುತ್ತದೆ. ಇನ್ನೊಂದು ವಚನದಲ್ಲಿ ಆಕೆ ಆಸೆಯನ್ನು ಅರಸನಿಗೂ ರೋಷವನ್ನು ಯಮದೂತರಿಗೂ ಹಂಚಿಕೊಡುತ್ತಾಳೆ. ಶಿವಭಕ್ತರಿಗೆ ಇವೆರಡೂ ಸಲ್ಲ. ಇದನ್ನೂ ಬಡವರಿಗೆ ಹೇಳಿದ ಬುದ್ಧಿಮಾತು ಎಂದೇ ಓದುವವರಿದ್ದಾರೆ. ಆಸೆಯ ವಿಳಾಸ ಯಾವುದೆಂದು ಆಕೆ ಬರೆದುಕೊಟ್ಟಿದ್ದಾಳಲ್ಲ, ಅದನ್ನು ನೋಡಿ: ಅರಮನೆ. ಬಡವರ ಆಸೆಯ ಮೇಲೆ ಭಾಷಣ ಮಾಡುವವರು ಮೊದಲು ಆ ವಿಳಾಸಕ್ಕೆ ಹೋಗಿ ಬರಬೇಕಿತ್ತು.

ಇಲ್ಲಿ ನನಗೆ ಹಳೆಯ ಒಡಂಬಡಿಕೆಯ ರೂತಳ ಕಥೆ ನೆನಪಾಗುತ್ತದೆ. ಅವಳೂ ಊರು ಬಿಟ್ಟು ಬಂದವಳು, ಮೋವಾಬಿನ ಹೆಂಗಸು, ವಿಧವೆ. ಬೇತ್ಲೆಹೇಮಿನಲ್ಲಿ ಬೋವಜನೆಂಬ ಸ್ಥಿತಿವಂತನ ಹೊಲದಲ್ಲಿ ಹಕ್ಕಲು ಆರಿಸುತ್ತಾಳೆ. ಅವರ ಧರ್ಮಶಾಸ್ತ್ರ ಹೊಲದ ಅಂಚನ್ನು ಪೂರಾ ಕೊಯ್ಯಬಾರದು, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂದು ಕಟ್ಟುಮಾಡಿತ್ತು. ಬೋವಜ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಸಿವುಡಿನಿಂದ ತೆನೆಗಳನ್ನು ಬೇಕೆಂದೇ ಎಳೆದು ಅವಳ ದಾರಿಯಲ್ಲಿ ಬೀಳಿಸಿರಿ, ಅವಳನ್ನು ಗದರಬೇಡಿರಿ ಎಂದು ಆಳುಗಳಿಗೆ ಹೇಳುತ್ತಾನೆ. ಬಸವಣ್ಣನ ಕಥೆಯಲ್ಲಿ ಆದದ್ದೇ ಅಲ್ಲೂ ಆಗುತ್ತದೆ. ಆದರೆ ಅಲ್ಲಿ ಅದು ಕರುಣೆ, ಆ ಕರುಣೆ ಮುಂದೆ ಮದುವೆಗೆ ದಾರಿಯಾಗುತ್ತದೆ, ಆ ವಂಶದಲ್ಲಿ ದಾವೀದನಂಥ ಅರಸ ಹುಟ್ಟುತ್ತಾನೆ. ರೂತಳು ತುಂಬಿದ ಸೆರಗಿನೊಂದಿಗೆ ಅತ್ತೆಯ ಹತ್ತಿರ ಬಂದಾಗ ಅತ್ತೆ ಕೊಟ್ಟವನನ್ನು ಹರಸುತ್ತಾಳೆ. ಲಕ್ಕಮ್ಮ ಕೊಟ್ಟವನನ್ನು ಪ್ರಶ್ನಿಸುತ್ತಾಳೆ. ರೂತಳ ಕಥೆ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಹಸಿದವಳು ಹರಸುವುದು ಸಹಜ. ಆದರೆ ಹರಕೆಯ ಬದಲು ಪ್ರಶ್ನೆ ಬಂದದ್ದು ನಮ್ಮ ಅಮರೇಶ್ವರದ ಹೆಂಗಸಿನ ಬಾಯಿಂದ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಹಕ್ಕಲು ಆರಿಸುವುದು ಹಕ್ಕೋ ಉಪಕಾರವೋ ಎಂಬ ಜಗಳ ನ್ಯಾಯಾಲಯಕ್ಕೂ ಹೋಗಿದ್ದುಂಟು. 1788ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಮೇರಿ ಹೌಟನ್ ಎಂಬಾಕೆಯ ಮೇಲಿನ ಪ್ರಕರಣದಲ್ಲಿ, ಕೊಯ್ದ ಹೊಲದಲ್ಲಿ ತೆನೆ ಆರಿಸುವುದು ಕಾನೂನಿನ ಪ್ರಕಾರ ಯಾರ ಹಕ್ಕೂ ಅಲ್ಲ ಎಂದು ತೀರ್ಪು ಕೊಟ್ಟಿತು. ತಲೆಮಾರುಗಳಿಂದ ರೂಢಿಯಾಗಿದ್ದದ್ದು ಒಂದು ತೀರ್ಪಿನಲ್ಲಿ ಒಡೆಯನ ಔದಾರ್ಯವಾಯಿತು. (ಕನ್ನಡದಲ್ಲಿ ಹಕ್ಕು, ಹಕ್ಕಲು ಎರಡೂ ಪಕ್ಕಪಕ್ಕದಲ್ಲಿ ಕೇಳಿಸುತ್ತವೆ. ಒಂದು ಅರಬ್ಬಿಯಿಂದ ಬಂದದ್ದು, ಇನ್ನೊಂದು ಇಲ್ಲಿಯದೇ. ನಿಘಂಟು ಇವನ್ನು ನೆಂಟರೆಂದು ಒಪ್ಪುವುದಿಲ್ಲ. ನನಗೆ ಮಾತ್ರ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಆಸೆ.)

ಈಗ ಸಿಂಧನೂರಿಗೆ ಬರೋಣ. ಇಲ್ಲಿ ಅಕ್ಕಿ ಯಾರ ಅಂಗಳದಲ್ಲಿ ಬೀಳುತ್ತದೆ ಎಂಬುದನ್ನು ನೀರು ನಿರ್ಧರಿಸಿತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ನಾಡು ನೆಲ್ಲಿನ ನಾಡಾಯಿತು. ಮೂಲ ಯೋಜನೆ ಅದಲ್ಲ. ಬರಗಾಲದ ಸೀಮೆಗೆ ತೆಳುವಾಗಿ, ಹೆಚ್ಚು ಜನಕ್ಕೆ ನೀರು ಹಂಚಬೇಕು, ಬಹುಪಾಲು ಭೂಮಿಯಲ್ಲಿ ಕಡಿಮೆ ನೀರಿನ ಬೆಳೆ ಇರಬೇಕು ಎಂಬುದು ಲೆಕ್ಕಾಚಾರವಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದವರು ಭತ್ತ ಹಾಕಿದರು, ಕೆಳಭಾಗದವರು ಒಣಗಿದ ಹೊಲಗಾಲುವೆಯ ಬಾಯಿ ನೋಡುತ್ತ ಕೂತರು. ಪೀಟರ್ ಮಾಲಿಂಗಾ ಎಂಬ ಡಚ್ ವಿದ್ವಾಂಸರು ಈ ಎಡದಂಡೆ ಕಾಲುವೆಯ ನೀರಿನ ಹಂಚಿಕೆಯ ಮೇಲೆಯೇ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆ. ತೂಬಿನ ಬಾಗಿಲು ಎಷ್ಟು ಎತ್ತಬೇಕೆಂಬುದು ಇಂಜಿನಿಯರಿನ ಕೋಷ್ಟಕದಲ್ಲಿ ಇತ್ಯರ್ಥವಾಗದೆ ಊರಿನ ಬಲಾಬಲದಲ್ಲಿ ಇತ್ಯರ್ಥವಾಗುವುದನ್ನು ಅದು ತೋರಿಸುತ್ತದೆ. ಓದದಿದ್ದರೂ ಇಲ್ಲಿನ ರೈತರಿಗೆ ಗೊತ್ತಿರುವ ಸಂಗತಿ.

ನೀರಿನ ಹಿಂದೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಭತ್ತ ಬಲ್ಲವರು ಬಂದರು, ಭೂಮಿ ಕೊಂಡರು, ಕ್ಯಾಂಪುಗಳಾದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳಾದವು. ಒಂದೇ 'ಕ್ಯಾಂಪ್' ಎಂಬ ಪದ ಒಂದು ಕಡೆ ಬಂಡವಾಳದ, ಇನ್ನೊಂದು ಕಡೆ ಮನೆಮಠ ಕಳೆದುಕೊಂಡವರ ವಿಳಾಸ. ರೈಸ್ ಮಿಲ್ಲುಗಳು ಎದ್ದವು. ಇಷ್ಟೆಲ್ಲ ಆದರೂ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಲಿಂಗಸುಗೂರಿನ ಜೊತೆ ಸಿಂಧನೂರೂ ಅದರಲ್ಲಿತ್ತು. ಭತ್ತದ ಕಣಜವೆಂದು ಕರೆಸಿಕೊಳ್ಳುವ ತಾಲ್ಲೂಕು! ಹಾಗೆ ನೋಡಿದರೆ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯೇ ಇದೆ. ಕಣಜವೂ ಇದೆ, ಚಿನ್ನವೂ ಇದೆ, ಗುಳೆಯೂ ಇದೆ. ಮಸ್ಕಿಯ ಮಳೆಯಾಶ್ರಿತ ಹಳ್ಳಿಗಳವರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕೂತದ್ದನ್ನು ನೆನೆದರೆ, ಅವರು ಕೇಳಿದ್ದು ಯಾರೋ ಚೆಲ್ಲುವ ಕಾಳನ್ನಲ್ಲ, ಹೊಲಕ್ಕೆ ಬರುವ ನೀರನ್ನು.

ವೇದಿಕೆಯ ಮೇಲಿನವರ ಮಾತಿಗೆ ಉತ್ತರ ಇಲ್ಲಿದೆ ಎಂದುಕೊಂಡಿದ್ದೇನೆ. ರೇಶನ್ ಅಕ್ಕಿ ಯಾವ ಜಾತಿಯ ಅಕ್ಕಿ? ಬಿದ್ದದ್ದೋ, ಬೀಳಿಸಿದ್ದೋ? 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಅದು ಹಕ್ಕು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಬಂದ ಯೋಜನೆಯ ಹೆಸರು ಅನ್ನಭಾಗ್ಯ. ಕಾಯಿದೆಯಲ್ಲಿ ಹಕ್ಕಾಗಿರುವುದು ಚೀಲದ ಮೇಲೆ ಭಾಗ್ಯವಾಗುತ್ತದೆ. ಭಾಗ್ಯವೆಂದರೆ ಯಾರೋ ಕೊಟ್ಟದ್ದು, ಹಣೆಯಲ್ಲಿ ಬರೆದದ್ದು, ನೆನೆಯಬೇಕಾದದ್ದು. ಆ ಅಕ್ಕಿಯಿಂದ ಎಷ್ಟು ಮನೆಗಳಲ್ಲಿ ಒಲೆ ಉರಿಯಿತೆಂದು ನೋಡಿದವನು ನಾನು. ಯೋಜನೆಯನ್ನು ಹಗುರವಾಗಿ ಮಾತಾಡಲಾರೆ. ನನ್ನ ತಕರಾರು ಹೆಸರಿನ ಮೇಲೆ. ಹಕ್ಕನ್ನು ಭಾಗ್ಯವೆಂದು ಕರೆದ ಮರುಕ್ಷಣವೇ ಪಡೆದವನನ್ನು ಸೋಮಾರಿ ಎಂದು ಕರೆಯುವ ಅವಕಾಶ ಕೊಡದವನಿಗೂ ಸಿಗುತ್ತದೆ. ಸಭೆಯಲ್ಲಿ ಆದದ್ದು ಅದೇ. ನಾಟಿಗೆ ಆಳು ಸಿಗದಿರುವುದಕ್ಕೆ ಕಾರಣ ಹೊಟ್ಟೆ ತುಂಬಿರುವುದಾದರೆ, ಹಿಂದೆ ಆಳು ಸಿಗುತ್ತಿದ್ದುದಕ್ಕೆ ಕಾರಣ ಏನಾಗಿತ್ತು ಎಂದು ಯಾರಾದರೂ ಎದ್ದು ಕೇಳಬೇಕಿತ್ತು.

ಬಸವಣ್ಣನ ಅಂಗಳದಿಂದ ಇನ್ನೂ ಹಿಂದೆ ಹೋಗಬೇಕೆನಿಸುತ್ತದೆ, ಮಸ್ಕಿಯ ಬಂಡೆಯವರೆಗೆ. ಚಿನ್ನ ಹುಡುಕುತ್ತ ಬಂದಿದ್ದ ಬೀಡನ್ ಎಂಬ ಇಂಜಿನಿಯರಿಗೆ 1915ರಲ್ಲಿ ಅಲ್ಲಿ ಶಾಸನ ಕಂಡಿತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಗಟ್ಟಿಯಾದದ್ದು ಆ ಶಾಸನದಿಂದ, ಅದರಲ್ಲಿ ಹೆಸರಿದೆ. ನಾವು ಮಸ್ಕಿಯವರು ಆ ಹೆಸರಿನ ಹೆಮ್ಮೆಯಲ್ಲಿ ಶಾಸನದ ಉಳಿದ ಮಾತು ಓದುವುದಿಲ್ಲ. ಅದರಲ್ಲಿ ಎರಡು ಪ್ರಾಕೃತ ಪದಗಳಿವೆ: ಖುದಕ, ಉಡಾಲಕ. ಸಣ್ಣವನು, ದೊಡ್ಡವನು. ಧರ್ಮದಲ್ಲಿ ತೊಡಗಿದ ಸಣ್ಣವನೂ ಈ ಗುರಿ ಮುಟ್ಟಬಲ್ಲ, ದೊಡ್ಡವನು ಮಾತ್ರ ಮುಟ್ಟುತ್ತಾನೆಂದು ತಿಳಿಯಬಾರದು, ಇಬ್ಬರಿಗೂ ಇದನ್ನು ಹೇಳಬೇಕು ಎಂಬುದು ಅದರ ಸಾರ. ನಮ್ಮ ಸೀಮೆಯಲ್ಲಿ ಕಲ್ಲಿನ ಮೇಲೆ ಕೆತ್ತಿದ ಅತಿ ಹಳೆಯ ಮಾತುಗಳಲ್ಲಿ ಒಂದು ಸಣ್ಣವರು ಮತ್ತು ದೊಡ್ಡವರ ಬಗ್ಗೆಯೇ ಇದೆ ಎಂಬುದು ನನಗೆ ಪ್ರತಿಸಲ ರೋಮಾಂಚನ ತರುತ್ತದೆ.

ಆದರೂ ಆ ಮಾತಿನ ದಿಕ್ಕು ಮೇಲಿನಿಂದ ಕೆಳಕ್ಕೆ. ಸಾಮ್ರಾಟ ಹೇಳುತ್ತಾನೆ, ಸಣ್ಣವನು ಕೇಳಿಸಿಕೊಳ್ಳುತ್ತಾನೆ. ಸಮಾನತೆ ಇರುವುದು ಗುರಿಯಲ್ಲಿ. ಕಣಜದ ವಿಚಾರ ಅಲ್ಲಿಲ್ಲ. ಅದೇ ಸೀಮೆಯಿಂದ ಸುಮಾರು ಸಾವಿರದ ನಾನೂರು ವರ್ಷಗಳ ನಂತರ ಒಬ್ಬ ಖುದಕಳು ಎದ್ದು ಉಡಾಲಕನನ್ನು ಪ್ರಶ್ನಿಸಿದಳು, ಅದೂ ಅಕ್ಕಿಯ ವಿಚಾರದಲ್ಲಿ. ಎರಡನ್ನೂ ಒಂದೇ ಪಾಠದಲ್ಲಿ ಇಟ್ಟು ಓದಿಸಿದರೆ ನಮ್ಮ ಹುಡುಗರಿಗೆ ಎಷ್ಟೋ ಸಂಗತಿ ತಾನಾಗಿ ಹೊಳೆಯುತ್ತದೆ. ಈಗಿನಂತೆ ಒಂದು ಇತಿಹಾಸದ ಒಂದು ಅಂಕದ ಪ್ರಶ್ನೆ, ಇನ್ನೊಂದು ಕನ್ನಡದ ಐದು ಅಂಕದ ಪ್ರಶ್ನೆ.

ಲಕ್ಕಮ್ಮನನ್ನು ಪೂರಾ ನನ್ನ ಕಡೆಗೆ ಎಳೆದುಕೊಳ್ಳುತ್ತಿದ್ದೇನೆ ಎಂಬ ಆಕ್ಷೇಪ ಬರಬಹುದು, ಬರಲಿ. ಅವಳ ವಚನಗಳಲ್ಲಿ ನನ್ನ ಓದಿಗೆ ಒಗ್ಗದ ಮಾತುಗಳಿವೆ. ಶುದ್ಧ ಚಿತ್ತದಿಂದ ಕಾಯಕ ಮಾಡುವ ಭಕ್ತನಿಗೆ ಎತ್ತ ನೋಡಿದರೂ ಲಕ್ಷ್ಮಿಯೇ ಎಂಬ ಅರ್ಥದ ವಚನವೊಂದಿದೆ. ಬಡತನವನ್ನು ಮನಸ್ಸಿನ ಸಂಗತಿಯಾಗಿ ಮಾಡುವ ಆ ಮಾತು ನಾಟಿ ಹಚ್ಚಿ ಸೊಂಟ ಹಿಡಿದ ಹೆಂಗಸಿನ ಮುಂದೆ ನಿಲ್ಲಲಾರದು. ಮಹಾಮನೆಯ ಅಂಗಳಕ್ಕೆ ಬಂದ ಅಕ್ಕಿಯನ್ನು ಬೆಳೆದವರು ಯಾರು, ಕುಟ್ಟಿದವರು ಯಾರು ಎಂದು ಈ ಎರಡು ವಚನಗಳಲ್ಲಿ ಆಕೆ ಕೇಳುವುದಿಲ್ಲ. ಇನ್ನೂ ದೊಡ್ಡ ಮಿತಿಯೆಂದರೆ, ಬೇಡವೆನ್ನಲು ಕನಿಷ್ಠ ಅಂದಿನ ಊಟವಾದರೂ ಇರಬೇಕು. ಆಕೆಗೆ ದಿನದ ಅಳತೆ ಇತ್ತು, ಅದಕ್ಕಿಂತ ಹೆಚ್ಚಿನದನ್ನು ತಿರುಗಿಸಿದಳು. ಅಳತೆಯೇ ಸಿಗದವರಿಗೆ ತಿರುಗಿಸುವ ಘನತೆ ಎಲ್ಲಿಂದ ಬರಬೇಕು?

ಅಷ್ಟಾದರೂ ಅವಳ ಜೊತೆ ನಾವು ನಡೆದುಕೊಂಡ ರೀತಿಯಲ್ಲೂ ಒಂದು ವರ್ಗದ ಕಥೆ ಇದೆ. ಗೂಳೂರು ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯಲ್ಲಿ ಈ ದಂಪತಿಗೆ ಒಂದು ಅಧ್ಯಾಯವೇ ಇದೆ. ಆದರೆ ಅದರ ತಲೆಬರಹದಲ್ಲಿ ಹೆಸರು ಮಾರಯ್ಯನದು. ಕಾಯಕ ನಿಂತಿತು, ಹೊರಡಿ ಎಂದು ಗಂಡನನ್ನು ಎಬ್ಬಿಸುವವಳು, ಹೆಚ್ಚಾಯಿತು, ಸುರಿದು ಬನ್ನಿ ಎನ್ನುವವಳು ಲಕ್ಕಮ್ಮ, ಹೆಸರು ಅವನದು. ಇನ್ನು ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತು, ಇಂದು ಕಚೇರಿ, ಬ್ಯಾಂಕು, ರೈಸ್ ಮಿಲ್ಲಿನ ಗೋಡೆಗಳ ಮೇಲೆ ಬಸವಣ್ಣನ ಚಿತ್ರದ ಕೆಳಗೆ ತೂಗುತ್ತದೆ. ಅದು ಸಿಗುವುದು ಈ ಮಾರಯ್ಯನ ವಚನದಲ್ಲಿ. ಹೆಂಡತಿಯ ಹೆಸರು ಗಂಡನಿಗೆ ಹೋಯಿತು, ಗಂಡನ ಮಾತು ಭಂಡಾರಿಗೆ ಹೋಯಿತು. ಸಣ್ಣ ಮನೆಯಲ್ಲಿ ಬೆಳೆದದ್ದು ದೊಡ್ಡ ಕಣಜಕ್ಕೆ ಹೋಗುವುದು ಭತ್ತಕ್ಕೆ ಮಾತ್ರ ಸೀಮಿತವಲ್ಲ. ಬಸವಣ್ಣ ಇದನ್ನು ಬಯಸಿದವನಲ್ಲ, ಅದು ಬೇರೆ ಮಾತು.

ಕಳೆದ ಸುಗ್ಗಿಯಲ್ಲಿ ಸಣ್ಣವ್ವನ ಜೊತೆ ಸಿಂಧನೂರು ದಾರಿಯಲ್ಲಿ ಬರುವಾಗ ಎರಡೂ ಬದಿಯ ಗದ್ದೆಗಳಲ್ಲಿ ಕೊಯ್ಲಿನ ಯಂತ್ರಗಳು ಓಡಾಡುತ್ತಿದ್ದವು. ಈಗಲೂ ಯಾರಾದರೂ ಹಕ್ಕಲು ಆರಿಸ್ತಾರೇನು ಎಂದು ಕೇಳಿದೆ. "ಎಲ್ಲೀ ಹಕ್ಕಲಪಾ, ಮಷಿನ್ ಬಂದ ಮ್ಯಾಲ ತೆನಿ ಎಲ್ಲಿ ಉಳಿತಾವ? ಬಿದ್ದ ಕಾಳು ಗಾಲಿಗೆ ಸಿಕ್ಕು ಕೆಸರಾಗ ಹೋಗ್ತಾವ" ಎಂದಳು. ಕೊಯ್ಯುವ ಕೂಲಿಯ ಜೊತೆ ಆರಿಸುವ ಅಂಗಳವೂ ಹೋಯಿತು. ಮಿಲ್ಲಿನ ಅಂಗಳದಲ್ಲಿ ಕಸಬರಿಗೆ ಹಿಡಿದ ಹೆಂಗಸರು ಇನ್ನೂ ಇದ್ದಾರೆ. ಅಲ್ಲಿ ಗುಡಿಸಿ ಕೂಡಿಸಿದ ಕಾಳು ಗುಡಿಸಿದವಳದಲ್ಲ, ಮಿಲ್ಲಿನದೇ.

ಆಮೇಲೆ ಅವಳಿಗೆ ಲಕ್ಕಮ್ಮನ ಕಥೆ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು, ಅಮರೇಶ್ವರದ ಜಾತ್ರೆಯಲ್ಲಿ ಕೇಳಿದ್ದಳಂತೆ. ಬಿದ್ದ ಅಕ್ಕಿ, ಬೀಳಿಸಿದ ಅಕ್ಕಿ ಎಂಬ ನನ್ನ ಮಾತನ್ನು ಸುಮ್ಮನೆ ಕೇಳಿಸಿಕೊಂಡಳು. ಆಕೆಗೆ ಅದೇನು ಹೊಸದಲ್ಲ ಎಂದು ಮುಖ ಹೇಳುತ್ತಿತ್ತು. ಯಾವ ಗದ್ದೆಯ ಒಡೆಯ ಯಾಕೆ ತೆನೆ ಬಿಡುತ್ತಾನೆ ಎಂಬುದು ಹರೆಯದ ಹೆಂಗಸಾಗಿದ್ದಾಗಲೇ ಅವಳು ಕಲಿತ ಪಾಠ. ಸ್ವಲ್ಪ ದೂರ ಬಂದ ಮೇಲೆ ಆಕೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ವಚನವೂ ಸುರಿದು ಬನ್ನಿ ಎಂಬಲ್ಲಿಗೇ ಮುಗಿಯುತ್ತದೆ.

"ಅಲ್ಲೇ ಅಂಗಳದಾಗ ಸುರುವಿ ಬಂದನಲ್ಲ ಮಾರಯ್ಯ, ಮರುದಿನ ಆ ಅಕ್ಕಿ ಯಾರು ಆರಿಸ್ಕೊಂಡ್ರು ತಮ್ಮಾ?"